ತಿರುವಿನಾಚೆಯ ಹಾರ್ನ್

ಕೊಪ್ಪ-ಶೃಂಗೇರಿ ದಾರಿಯಲ್ಲಿ ಮೊಬೈಲಿಗೆ ಇನ್ನೂ ಸಿಗ್ನಲ್ ಸಿಗದಿದ್ದ ವರ್ಷಗಳು. ಅಲ್ಲಿ ಓಡುತ್ತಿದ್ದ ಖಾಸಗಿ ಬಸ್ಸೊಂದರ ಡ್ರೈವರ್ ಅವರು. ಕಾಲೇಜಿಗೆ ಹೋಗಲು ನಾನು ದಿನಾ ಅವರ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದೆ. ತಾತ್ಕಾಲಿಕ ಉಪನ್ಯಾಸಕನಾಗಿದ್ದ ನನಗೆ, ಅದೇ ಪಾಠ ಮಾಡುವ ಕಾಯಂ ಸಹೋದ್ಯೋಗಿಯ ಸಂಬಳದ್ದೇ ಸಂಕಟ. ಆ ಮಾತು ತೆಗೆದಾಗಲೆಲ್ಲ ಅವರು, "ಇರ್ಲಿ ಮಾರಾಯ್ರೆ, ಮುಂದೆ ತಿರುವಿದೆ" ಎಂದು ಎಡಗೈಯಲ್ಲಿ ಗಾಜು ಒರೆಸುತ್ತಿದ್ದರು.

ಅವರ ಬಳಿ ಡ್ರೈವಿಂಗ್ ಕಲಿತವನೊಬ್ಬ ಸರ್ಕಾರಿ ಬಸ್ಸಿಗೆ ಸೇರಿದ್ದ. ಒಂದು ಬೆಳಿಗ್ಗೆ ಕಿರಿದಾದ ತಿರುವಿನಾಚೆ ಹಾರ್ನ್ ಕೇಳಿತು. ಇವರು ತುಂಬಿದ ಬಸ್ಸನ್ನು ಹಿಂದಕ್ಕೆ ತೆಗೆದು ದಾರಿ ಬಿಟ್ಟರು. ಬಂದದ್ದು ಅವನದೇ ಬಸ್ಸು. ಕೈಯೆತ್ತಿ ದಾಟಿಹೋದ.

"ನಿಮ್ಮ ಎರಡರಷ್ಟು ಸಂಬಳವಂತೆ ಅವನಿಗೆ," ಎಂದೆ, ಸುಮ್ಮನಿರಲಾರದೆ.

ಆ ಬಸ್ಸು ಮರೆಯಾಗುವವರೆಗೂ ಅವರು ಕನ್ನಡಿಯಲ್ಲಿ ನೋಡುತ್ತಿದ್ದರು. ಮುಖವೆಲ್ಲ ಅರಳಿತ್ತು. "ಹಾರ್ನ್ ಕೇಳ್ತಾ ಮಾರಾಯ್ರೆ? ತಿರುವಿಗೆ ಮೊದ್ಲೇ ಹೊಡೆದ. ನಾನು ಹೇಳಿಕೊಟ್ಟದ್ದು, ಮರೀಲಿಲ್ಲ ನೋಡಿ."

ನಾನು ಬೆರಗಾಗಿ ಕೂತೆ. ಸಹೋದ್ಯೋಗಿಯ ಸಂಬಳ ನನಗೆ ಪೈಸೆ ಸಮೇತ ಗೊತ್ತಿತ್ತು. ಆತನ ಪಾಠವನ್ನು ಒಂದು ದಿನವೂ ಬಾಗಿಲಲ್ಲಿ ನಿಂತು ಕೇಳಿರಲಿಲ್ಲ.