ಬಲಗಿವಿಯ ದಾರಿ

ಹೊಲಿಗೆಯಕ್ಕನಿಗೆ ಒಂದು ಕಡೆ ಸುಮ್ಮನೆ ಕೂತು ಗೊತ್ತಿದ್ದರೆ ತಾನೇ! ಹೊಲಿಗೆ ಯಂತ್ರದ ಮುಂದೆ ಕೂತಾಗಲೂ ಕಾಲು ತುಳಿಯುತ್ತಲೇ ಇರುತ್ತದೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ನೆರೆಯವರು ಆಡಿಕೊಳ್ಳುವುದು ಸುಳ್ಳಲ್ಲ. ಅಂಥವಳಿಗೆ ಸಿಕ್ಕ ಗಂಡನೋ ಶುದ್ಧ ಸಮಾಧಾನಿ. ಅಚ್ಚುಕೂಟದಲ್ಲಿ ಮುದ್ರಣ ಯಂತ್ರದ ಪಕ್ಕ ನಿಂತು ನಿಂತು ಅವನ ಬಲಗಿವಿ ಪೂರ್ತಿ ಹೋಗಿತ್ತು. ನರವೇ ಸತ್ತಿದೆ ಎಂದು ಡಾಕ್ಟರು ಕೈ ಚೆಲ್ಲಿದ್ದರು. "ಎಡಗಿವಿ ಇದೆಯಲ್ಲ, ನಿನ್ನ ಬೈಗುಳಕ್ಕೆ ಅಷ್ಟು ಸಾಕು" ಎಂದು ಅವನು ನಕ್ಕುಬಿಟ್ಟಿದ್ದ.

ಆ ನಗು ನಿಂತದ್ದು, ಒಂದು ಸಂಜೆ ಅಂಗಿಯ ಬಲತೋಳು ಹರಿದುಕೊಂಡು ಬಂದಾಗ. ಸೈಕಲ್ಲಿನಲ್ಲಿ ಬರುತ್ತಿದ್ದವನನ್ನು ವ್ಯಾನೊಂದು ಸವರಿಕೊಂಡು ಹೋಗಿತ್ತು.

"ಹಾರನ್ ಹೊಡೀಲಿಲ್ವಾ ಅವ್ನು?"

"ಹೊಡೆದಿರ್ಬೇಕು. ನಂಗೇನು ಗೊತ್ತು?"

ಮಗಳು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಅಮ್ಮಾ, ಮೊದ್ಲು ಆ ಸೈಕಲ್ ಮಾರಿಬಿಡಿ." ಹೇಳುವುದು ಸುಲಭ. ಅಚ್ಚುಕೂಟದ ಕಡೆಗೆ ಬಸ್ಸಿಲ್ಲ. ಸೈಕಲ್ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಮನುಷ್ಯ ಗೋಡೆ ನೋಡುತ್ತಾ ಕೂರುತ್ತಾನೆ. ಸೈಕಲ್ ಉಳಿದು ಮನುಷ್ಯನೇ ಹೋದರೆ? ಯೋಚಿಸುತ್ತಲೇ ಅವನ ಹರಿದ ತೋಳಿಗೆ ಎರಡೆರಡು ಸಲ ಹೊಲಿಗೆ ಹಾಕಿದಳು.

ಮಾರನೆಯ ದಿನ ಅವನು ಹೊರಟುಹೋದ ಮೇಲೆ ತನ್ನ ಬಲಗಿವಿಗೆ ಹತ್ತಿ ತುರುಕಿ, ಮೇಲೆ ಸ್ಕಾರ್ಫ್ ಬಿಗಿದು, ತನ್ನ ಸೈಕಲ್ ಏರಿ ದೊಡ್ಡ ರಸ್ತೆಗೆ ಇಳಿದಳು. ಅಬ್ಬಾ! ಗಾಡಿಗಳೆಲ್ಲ ಬಲಗಡೆಯಿಂದಲೇ ಹಾದುಹೋಗುವ ಊರು ಅದು. ಆ ಕಡೆಯ ಸದ್ದೇ ಸತ್ತರೆ ಬಸ್ಸು ಬರುವುದು ತಿಳಿಯುವುದೇ ಇಲ್ಲ, ಇದ್ದಕ್ಕಿದ್ದಂತೆ ಮೊಣಕೈ ಪಕ್ಕದಲ್ಲಿರುತ್ತದೆ. ಪೆಟ್ರೋಲ್ ಬಂಕ್ ಬಂದದ್ದೇ ತಡ, ಸೈಕಲ್ಲಿನಿಂದ ಇಳಿದುಬಿಟ್ಟಳು. ಗಂಡನ ಮೇಲೆ ಕೆಂಡದಂಥ ಸಿಟ್ಟು ಬಂತು. ಇಷ್ಟು ದಿನ ಇದನ್ನೆಲ್ಲ ನುಂಗಿಕೊಂಡು ನಗುತ್ತಿದ್ದನಲ್ಲ, ಪುಣ್ಯಾತ್ಮ!

ಅಲ್ಲಿಂದ ಶುರುವಾಯಿತು ಬೇರೆ ದಾರಿಯ ಹುಡುಕಾಟ. ಗಿರಾಕಿಗಳ ಬಟ್ಟೆ ಅರ್ಧಂಬರ್ಧ ಬಿದ್ದಿತ್ತು. ಆಸ್ಪತ್ರೆಯ ಹಿಂದಿನ ಓಣಿ ತಣ್ಣಗಿದೆ ಎಂದು ಹೋದರೆ, ಅಲ್ಲಿ ಕಾರುಗಳು ಹಿಂದಕ್ಕೆ ಸರಿಯುತ್ತಲೇ ಇದ್ದವು, ತಿರುಗಿ ನೋಡುವ ಸೌಜನ್ಯ ಒಬ್ಬನಿಗೂ ಇಲ್ಲ. ಮಾರುಕಟ್ಟೆಯ ಸಂದಿಯಲ್ಲಿ ತಳ್ಳುಗಾಡಿಗಳ ನಡುವೆ ಸೈಕಲ್ಲಿರಲಿ, ಇಲಿಯೂ ನುಸುಳಲಾರದು. ಗೋದಾಮುಗಳ ಬೀದಿ ಪರವಾಗಿಲ್ಲ ಅನ್ನುವಷ್ಟರಲ್ಲಿ ಬ್ಯಾಟರಿ ಸ್ಕೂಟರೊಂದು ಬೆಕ್ಕಿನ ಹಾಗೆ ಪಕ್ಕದಲ್ಲೇ ಹಾದುಹೋಯಿತು. "ಹಾಳಾಗಿ ಹೋಗು!" ಎಂದು ಅದರ ಬೆನ್ನಿಗೆ ಕೂಗಿದಳು. ಊಟಕ್ಕೆ ಕೂತರೂ ನೆಮ್ಮದಿಯಿಲ್ಲ, ತಟ್ಟೆಯಲ್ಲೇ ಬೆರಳಿನಿಂದ ದಾರಿ ಗೀಚುತ್ತಿದ್ದಳು.

ಕೊನೆಗೆ ಸಿಕ್ಕಿದ್ದು ಕಾಲುವೆಯ ದಂಡೆ. ಸುತ್ತುಬಳಸು ನಿಜ, ಆದರೆ ಸ್ಕೂಟರು ಕೂಡ ತೂರದಂತೆ ಎರಡೂ ತುದಿಗೆ ಕಂಬ ನೆಟ್ಟಿದ್ದರು. ಹೋಗುವಾಗ ಬಲಗಡೆ ಬರೀ ನೀರು, ಬರುವಾಗ ಬರೀ ಗೋಡೆ. ಎರಡಕ್ಕೂ ಹಾರನ್ ಇಲ್ಲ! ಅವತ್ತು ರಾತ್ರಿಯೇ ಗಂಡನ ಎಡಗಡೆ ಕೂತು ತಿರುವು ತಿರುವನ್ನೂ ಒಪ್ಪಿಸಿದಳು. "ಆಯ್ತು ಕಣೇ, ಹಾಗೇ ಹೋಗ್ತೀನಿ" ಎಂದ.

ಇನ್ನಾದರೂ ಸಮಾಧಾನವಾಗಬೇಕಿತ್ತು. ಆದರೆ ಅವನು ಬೇಕಾದ್ದಕ್ಕಿಂತ ತೀರಾ ಬೇಗ ಹೊರಡುತ್ತಿದ್ದ. ಕೇಳಿದರೆ "ಬೆಳಗಿನ ಗಾಳಿ ಚೆನ್ನಾಗಿರುತ್ತೆ" ಅನ್ನುತ್ತಿದ್ದ. ಗಾಳಿಯಂತೆ, ಗಾಳಿ! ಜನ ಏಳುವ ಮೊದಲೇ ದೊಡ್ಡ ರಸ್ತೆಯಲ್ಲೇ ನುಗ್ಗುತ್ತಿದ್ದಾನೆ ಎಂಬ ಅನುಮಾನ ಅವಳ ತಲೆ ಹೊಕ್ಕಿತು. ಸಿಕ್ಕಿಬೀಳಲಿ, ಗ್ರಹಚಾರ ಬಿಡಿಸುತ್ತೇನೆ ಎಂದು ಒಂದು ದಿನ ತನ್ನ ಸೈಕಲ್ ಏರಿ ಹಿಂದೆಯೇ ಹೊರಟಳು.

ಅವನು ಕಾಲುವೆಯ ದಂಡೆಗೇ ತಿರುಗಿದ. ಮನೆ ಮರೆಯಾದದ್ದೇ ತಡ, ಸೈಕಲ್ಲಿನಿಂದ ಇಳಿದ. ಒಂದು ನರಪಿಳ್ಳೆಯೂ ಇಲ್ಲದ ಆ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ನಡೆಯತೊಡಗಿದ. ಆಗಾಗ ಬೆಚ್ಚಿ ಬಲಕ್ಕೆ ತಿರುಗಿ ನೋಡುತ್ತಿದ್ದ. ಅಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ.

ಅವಳ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ. ಅವನ ಎಡಗಡೆಗೆ ಬಂದು ಇಳಿದಳು.

"ರೀ, ಯಾವಾಗಿಂದ ಹೀಗೆ?"

"ವ್ಯಾನ್ ತಾಗಿದಾಗಿಂದ."

"ಇಲ್ಲೂನಾ? ಇಲ್ಲಿ ಯಾರಿದ್ದಾರೆ ನಿಮ್ಮನ್ನ ಗುದ್ದೋಕೆ?"

"ಯಾರೂ ಇಲ್ಲ, ಗೊತ್ತು. ಹತ್ತಿದ ತಕ್ಷಣ ಆ ಕಡೆಯಿಂದ ಏನೋ ಬಂದ ಹಾಗಾಗುತ್ತೆ. ಹೆದರಿಕೆ ಆಗುತ್ತೆ ಕಣೇ."

"ನಂಗೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನೂ ಮಗಳ ಜೊತೆ ಸೇರ್ಕೊಂಡು ಸೈಕಲ್ ಮಾರ್ತಿದ್ದೆ."

ಮಾರಿಯೇಬಿಡುತ್ತಿದ್ದೆನೇನೋ ಎಂದು ಅವಳಿಗೂ ಅನ್ನಿಸಿತು. ಕಣ್ಣೊರೆಸಿಕೊಂಡು ತನ್ನ ಸೈಕಲ್ಲನ್ನು ಅವನ ಮುಂದಿನಿಂದ ಸುತ್ತಿಸಿ ನೀರಿನ ಪಕ್ಕಕ್ಕೆ ತಂದಳು. ಅವನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು ಜೋರಾಗಿ ಹೇಳಿದಳು: "ಹತ್ತಿ. ಈ ಕಡೆಯಿಂದ ಬರೋದು ನಾನೊಬ್ಳೇ."

"ನೀರಿಗೆ ಬೀಳ್ತೀಯ."

"ಬಿದ್ರೆ ನಾನು ತಾನೇ ಬೀಳೋದು? ಹತ್ತಿ ಅಂದ್ರೆ!"

ಅವನು ಹತ್ತಿದ. ಹ್ಯಾಂಡಲ್ ಅತ್ತಿತ್ತ ಓಲಾಡಿತು. ಬಲಕ್ಕೆ ತಿರುಗಿ ನೋಡಿದ, ಅವಳಿದ್ದಳು. ಇನ್ನಷ್ಟು ದೂರ ಹೋಗಿ ಮತ್ತೆ ನೋಡಿದ, ಇದ್ದಳು. ಆಮೇಲೆ ನೋಡುವುದನ್ನು ಬಿಟ್ಟು ಪೆಡಲ್ ತುಳಿದ.