ದೊಡ್ಡಬಸಪ್ಪನವರ ಕೊನೆಯ ಇಪ್ಪತ್ತೆರಡು ಸೆಕೆಂಡು

ಕೊರೊನಾ ಲಾಕ್‌ಡೌನ್ ಮುಗಿದ ಮರುವರ್ಷ ಇದು ನಡೆದದ್ದು. ಚೆನ್ನೈ, ಹೈದರಾಬಾದುಗಳಲ್ಲಿ ಇಪ್ಪತ್ತಾರು ವರ್ಷ ಕಂಠದಾನ ಮಾಡಿ ಊರಿಗೆ ಮರಳಿದ್ದ ನಾನು, ಬಳ್ಳಾರಿಯ ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರ ಹಿಂಬದಿಯಲ್ಲಿದ್ದ ಸಣ್ಣ ಡಬ್ಬಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದೆ. ಪರದೆಯ ಮೇಲೆ ಬೇರೊಬ್ಬರ ತುಟಿ ಆಡುವಾಗ ಆ ಮಾತಿಗೆ ನನ್ನ ದನಿ ಕೂಡಿಸುವುದು ನನ್ನ ಕಸುಬು. ಕನ್ನಡವೂ ತೆಲುಗೂ ಒಂದೇ ಹದದಲ್ಲಿ ಬರುತ್ತಿದ್ದುದರಿಂದ ಕೆಲಸಕ್ಕೆ ಕೊರತೆ ಇರಲಿಲ್ಲ.

ಒಂದು ಬೆಳಿಗ್ಗೆ ವಿನಯ್ ಎಂಬ ಯುವ ನಿರ್ದೇಶಕ ಬಂದ. ಸಿರುಗುಪ್ಪದ ಹತ್ತಿರ ದೇಶನೂರಿನ ಗದ್ದೆಗಳಲ್ಲಿ ಅವನ ಮೊದಲ ಸಿನಿಮಾದ ಚಿತ್ರೀಕರಣ ಮುಗಿದಿತ್ತು. ಅದರ ಮುಖ್ಯ ನಟ ದೊಡ್ಡಬಸಪ್ಪನವರು ಡಬ್ಬಿಂಗಿಗೆ ಮೊದಲೇ ತೀರಿಕೊಂಡಿದ್ದರು.

ಕುರುಗೋಡಿನಲ್ಲಿ ಹುಟ್ಟಿದ ದೊಡ್ಡಬಸಪ್ಪನವರು ಇಪ್ಪತ್ತು ವರ್ಷ ನಾಟಕ ಕಂಪನಿಯಲ್ಲಿದ್ದು, ಆಮೇಲೆ ಸಿನಿಮಾ, ಧಾರಾವಾಹಿಗಳಿಗೆ ಬಂದವರು. ಮಾವ, ವಕೀಲ, ಪೂಜಾರಿ, ಊರಗೌಡ, ಹೀಗೆ ಹೆಸರು ನೆನಪಿರದ, ಮುಖ ಮರೆಯದ ಪಾತ್ರಗಳು. ಸಾಯುವ ದೃಶ್ಯ ಇದ್ದರೆ ಅವರನ್ನೇ ಕರೆಸುತ್ತಿದ್ದರು. ನಲವತ್ತಕ್ಕೂ ಹೆಚ್ಚು ಸಲ ಪರದೆಯ ಮೇಲೆ ಸತ್ತಿದ್ದೇನೆ ಎಂದು ಅವರೇ ನಗುತ್ತಿದ್ದರಂತೆ. ಅವರ ಹನ್ನೊಂದು ಸಿನಿಮಾಗಳಿಗೆ ನಾನು ತೆಲುಗಿನಲ್ಲಿ ದನಿಯಾಗಿದ್ದೆ. ಮುಖಾಮುಖಿ ಭೇಟಿಯಾದದ್ದು ಎರಡೇ ಸಲ. ಆದರೂ ಅವರ ತುಟಿಯ ಅಂಚು ಎಲ್ಲಿ ನಡುಗುತ್ತದೆ, ಉಸಿರು ಎಲ್ಲಿ ತಗೊಳ್ಳುತ್ತಾರೆ ಎಂಬುದು ನನಗೆ ಬಾಯಿಪಾಠವಾಗಿತ್ತು.

ಆರು ದಿನದಲ್ಲಿ ಅವರ ಮಾತಿಗೆಲ್ಲ ನಾನು ದನಿ ಕೊಟ್ಟು ಮುಗಿಸಿ, ಉಳಿದದ್ದು ಕೊನೆಯ ಶಾಟ್. ಇಪ್ಪತ್ತೆರಡು ಸೆಕೆಂಡು. ಗದ್ದೆಯ ಬದುವಿನ ಮೇಲೆ ಮುದುಕ ತಂದೆ ಕೂತಿದ್ದಾನೆ. ದೂರದಲ್ಲಿರುವ ಮಗಳನ್ನು ಕೂಗಿ, "ಮಗಳ, ನೀರು ಬಿಟ್ಟಿಯೇನು? ಪೈರು ಒಣಗೈತಿ" ಎಂದು ಹೇಳಿ ಪಕ್ಕಕ್ಕೆ ವಾಲುತ್ತಾನೆ.

ಡಬ್ಬಿಂಗಿನಲ್ಲಿ ಒಂದು ಸರಳ ಲೆಕ್ಕ ಇದೆ. ಪ, ಬ, ಮ ಅಕ್ಷರಗಳಿಗೆ ತುಟಿ ಮುಚ್ಚಲೇಬೇಕು. ಈ ಮಾತಿನಲ್ಲಿ ತುಟಿ ಮೂರು ಸಲ ಮುಚ್ಚಬೇಕಿತ್ತು. ಪರದೆಯ ಮೇಲೆ ಮುಚ್ಚಿದ್ದು ಒಂದೇ ಸಲ, ಅದೂ ಕೊನೆಯಲ್ಲಿ. ಸೆಟ್ಟಿನಲ್ಲಿ ಗುರುತಿಗೆಂದು ದಾಖಲಿಸುವ ಪೈಲಟ್ ಟ್ರ್ಯಾಕ್ ಕೇಳೋಣವೆಂದರೆ, ಅವತ್ತು ಅವರ ಅಂಗಿಯ ಮೈಕಿನ ಬ್ಯಾಟರಿ ನಿಂತುಹೋಗಿತ್ತು. ಕ್ಯಾಮೆರಾ ಕಾಲುವೆಯ ಆಚೆ ದಂಡೆಯಿಂದ ಜೂಮ್ ಮಾಡಿ ಮುಖ ಹಿಡಿದಿತ್ತು. ಟ್ರ್ಯಾಕಿನಲ್ಲಿ ಪಂಪ್‌ಸೆಟ್ಟಿನ ಸದ್ದು ಬಿಟ್ಟು ಏನೂ ಇರಲಿಲ್ಲ.

ಮೊದಲ ದಿನ ನಾನು, "ನಡುವೆ ಒಂದು ಕೆಮ್ಮು ಸೇರಿಸಿ ಹೊಂದಿಸಿಬಿಡೋಣ" ಎಂದೆ. ಹಾಗೆ ಮಾಡಿಯೂ ನೋಡಿದೆ. ನನ್ನ ದನಿ ಆ ಬಾಯಿಯ ಮೇಲೆ ನಿಲ್ಲಲೇ ಇಲ್ಲ. ಆ ರಾತ್ರಿ ಊಟಕ್ಕೆ ಕೂತಾಗಲೂ ಆ ತುಟಿಗಳೇ ಕಣ್ಣ ಮುಂದೆ. ಅವರು ಏನನ್ನೋ ಹೇಳುತ್ತಿದ್ದಾರೆ, ನಾನು ಅದರ ಮೇಲೆ ಬೇರೆ ಮಾತು ಹೊದಿಸುತ್ತಿದ್ದೇನೆ ಎಂಬ ಸಂಕಟ.

"ಅವರ ಹೆಂಡತಿ ನೀಲಮ್ಮನವರನ್ನ ಕೇಳೋಣ ಸರ್. ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದರಂತೆ" ಎಂದ ವಿನಯ್. ಪ್ರಾಂಪ್ಟರ್ ಎಂದರೆ ರಂಗದ ಪಕ್ಕದಲ್ಲಿ ಮರೆಯಾಗಿ ನಿಂತು, ನಟನ ತುಟಿಯನ್ನೇ ನೋಡುತ್ತಾ, ಅವನು ಮರೆತಾಗ ಮಾತು ಎತ್ತಿಕೊಡುವವರು.

ಮರುದಿನ ಲ್ಯಾಪ್‌ಟಾಪ್ ಹಿಡಿದು ಇಬ್ಬರೂ ಸಿರುಗುಪ್ಪಕ್ಕೆ ಹೋದೆವು. ನೀಲಮ್ಮನವರಿಗೆ ಅರವತ್ತರ ಆಸುಪಾಸು. ಕುಡಿಯಲು ನೀರು ಕೊಟ್ಟು ಎದುರಿಗೆ ಕೂತರು. ಗಂಡನ ಕೊನೆಯ ದಿನದ ಬಗ್ಗೆ ತಾವೇ ಹೇಳಿದರು.

"ಶೂಟಿಂಗ್ ಮುಗಿಸಿ ಸಂಜಿಗಿ ಮನಿಗಿ ಬಂದ್ರು. 'ಇವತ್ತು ಭಾಳ ಚಂದ ಸತ್ನಿ ನೋಡು, ಎಲ್ಲಾರೂ ಚಪ್ಪಾಳಿ ಹೊಡೆದ್ರು' ಅಂದ್ರು. ಯಾಕ ಮುಖ ಬಾಡೇತಿ ಅಂದೆ. ಗ್ಯಾಸ್ ಆಗೈತಿ ಅಂದ್ರು. ಮುಂಜಾನಿ ಸ್ನಾನಕ್ಕ ಹೋದವರು ಹೊರಗ ಬರಲೇ ಇಲ್ಲ."

ನಾನು ಸದ್ದಿಲ್ಲದ ಆ ಶಾಟ್ ತೋರಿಸಿದೆ. ಮೊದಲ ಸಲ ಅವರು ಗಂಡನನ್ನು ನೋಡಿದರು. ಎರಡನೆಯ ಸಲ ತುಟಿಯನ್ನು ನೋಡಿದರು. ಮೂರನೆಯ ಸಲ ಸೆರಗು ಬಾಯಿಗೆ ಹೋಯಿತು.

"ಇದು ಡೈಲಾಗ್ ಅಲ್ಲರಿ," ಎಂದರು. "'ಎದಿ ಹಿಡದೈತಿ. ಯಾರರ ಬರ್ರಿ' ಅನ್ನಾಕತ್ಯಾರ."

ನಾನು ಮತ್ತೆ ಓಡಿಸಿದೆ. ಎದಿ ಹಿಡದೈತಿ. ಯಾರರ ಬರ್ರಿ. ತುಟಿ ಒಂದೇ ಸಲ ಮುಚ್ಚಿತು, 'ಬರ್ರಿ' ಎನ್ನುವಲ್ಲಿ. ಒಂದಕ್ಷರವೂ ಆಚೀಚೆ ಆಗಲಿಲ್ಲ.

ವಿನಯ್ ಎದ್ದು ಗೋಡೆಗೆ ಒರಗಿದ. "ನಾನು ಮಾನಿಟರ್ ನೋಡ್ತಿದ್ದೆ," ಎಂದ. "ಕ್ಯಾಮೆರಾ ನಿಲ್ಲಿಸಬೇಡಿ, ಇನ್ನೂ ಓಡಲಿ, ಅದ್ಭುತವಾಗಿ ಬರ್ತಿದೆ ಅಂದೆ. ಎಂಟು ಸೆಕೆಂಡ್ ಹೆಚ್ಚಿಗೆ ಓಡಿಸಿದೆ. ಆಮೇಲೆ ಅವರು ಎದ್ದು ಕೂತು ಕೈ ಮುಗಿದರು. ಚಹಾ ಕುಡಿದರು. ನನಗೆ ಗೊತ್ತಾಗಲಿಲ್ಲ ಅಮ್ಮಾ. ಈ ಶಾಟ್ ತೆಗೆದುಹಾಕಿಬಿಡ್ತೀನಿ" ಎಂದ.

ನೀಲಮ್ಮ ಕಣ್ಣೊರೆಸಿಕೊಂಡರು. "ತೆಗೀಬ್ಯಾಡಪ್ಪ. ನೋವು ಇಳಿದ ಮ್ಯಾಲೆ ಅವರೇ ಯಾಕ ಹೇಳಲಿಲ್ಲ? ಆ ಸೀನ್ ಉಳೀಲಿ ಅಂತ. ನಾ ಬಲ್ಲೆ ಅವರನ್ನ. ಆದ್ರ ಅವರ ಬಾಯಾಗ ಬ್ಯಾರೆ ಮಾತು ಇಡಬ್ಯಾಡ್ರಿ. ಅವರು ಅಂದಿದ್ದನ್ನ ಅನ್ರಿ."

ಎರಡು ದಿನ ಬಿಟ್ಟು ಅವರು ಬಳ್ಳಾರಿಗೆ ಬಂದರು. ದನಿ ಕೊಡುವ ಕೋಣೆಯಲ್ಲಿ ನನ್ನ ಪಕ್ಕದಲ್ಲೇ ನಿಲ್ಲುತ್ತೇನೆ ಎಂದು ಹಟ ಹಿಡಿದರು. ಮಾಮೂಲಿಯಾಗಿ ಬೇರೆಯವರನ್ನು ಒಳಗೆ ಬಿಡುವುದಿಲ್ಲ. ಅವತ್ತು ಬಿಟ್ಟೆವು. ಹೆಡ್‌ಫೋನ್ ಬೇಡವೆಂದು ಗೋಡೆಯ ಹತ್ತಿರ ಕೈ ಕಟ್ಟಿ ನಿಂತರು.

ಒಂಬತ್ತು ಟೇಕ್ ಕೆಟ್ಟವು. ದನಿಯಲ್ಲಿ ಅಳು ಬೆರೆಯುತ್ತಿತ್ತು, ಇಲ್ಲವೇ ನಾನು ನಟಿಸುತ್ತಿದ್ದೆ. "ಅಳಬ್ಯಾಡ್ರಿ ಸಾರ್," ಎಂದರು ನೀಲಮ್ಮ ಮೆಲ್ಲಗೆ. "ಅವರು ಅತ್ತಿಲ್ಲ. ಕರದಾರ, ಅಷ್ಟ."

ಹತ್ತನೆಯ ಸಲ ನಾನು ಏನನ್ನೂ ಮಾಡಲಿಲ್ಲ. ಪರದೆಯ ಮೇಲೆ ತುಟಿ ತೆರೆದಾಗ ಸುಮ್ಮನೆ ಹೇಳಿದೆ. "ಎದಿ ಹಿಡದೈತಿ. ಯಾರರ ಬರ್ರಿ." ನನ್ನ ಬಾಯಿಂದ ಹೊರಟದ್ದು ನನ್ನ ದನಿ ಅಲ್ಲವೆನಿಸಿತು.

ಹಿಂದಿನಿಂದ ನೀಲಮ್ಮ, "ಬಂದ್ನಿ, ಬಂದ್ನಿ, ತಡೀರಿ," ಎಂದು ಎರಡು ಹೆಜ್ಜೆ ಮುಂದೆ ಬಂದುಬಿಟ್ಟರು. ಪರದೆಯ ಮೇಲೆ ಮುದುಕ ಪಕ್ಕಕ್ಕೆ ವಾಲಿದ. ಅವರು ಕೈ ಚಾಚಿದಂತೆಯೇ ನಿಂತಿದ್ದರು.

ಗಾಜಿನಾಚೆ ಎಂಜಿನಿಯರ್ ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ. ಮೈಕಿನಿಂದ ದೂರವಿದ್ದ ಆ ಹೆಣ್ಣುದನಿ, ಗದ್ದೆಯ ಆಚೆಯಿಂದ ಬಂದಂತೆ ಸಣ್ಣಗೆ ದಾಖಲಾಗಿತ್ತು. ಇನ್ನೊಂದು ಟೇಕ್ ತೆಗೆಯೋಣ ಎಂದು ಯಾರೂ ಅನ್ನಲಿಲ್ಲ. ಸಿನಿಮಾದಲ್ಲಿ ಅದು ಹಾಗೆಯೇ ಇದೆ. ನೋಡಿದವರು ಮಗಳ ದನಿ ಎಂದುಕೊಳ್ಳುತ್ತಾರೆ. ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯಲ್ಲಿ, ಕಂಠದಾನದ ಸಾಲಿನಲ್ಲಿ, ನನ್ನ ಹೆಸರಿನ ಕೆಳಗೆ ನೀಲಮ್ಮನವರ ಹೆಸರಿದೆ.

ವಿನಯ್ ಈಗ ಮೂರನೆಯ ಸಿನಿಮಾ ಮಾಡುತ್ತಿದ್ದಾನೆ. ಶಾಟ್ ಎಷ್ಟೇ ಚೆನ್ನಾಗಿ ಬಂದಿರಲಿ, ಮೊದಲು ನಟನ ಹತ್ತಿರ ನಡೆದುಹೋಗಿ, "ಹೇಗಿದ್ದೀರಿ?" ಎಂದು ಕೇಳುತ್ತಾನೆ. ನಾನು ಕಲಿತದ್ದೂ ಅಂಥದ್ದೇ. ಮಾತು ತುಟಿಗೆ ಹೊಂದದಿದ್ದಾಗ ನಟ ತಪ್ಪಿದ ಎಂದುಕೊಳ್ಳುವುದು ನಮಗೆ ಸುಲಭ. ಅವನೇನು ಹೇಳಿದ ಎಂದು ಕೇಳಿಕೊಂಡ ಮೇಲೆಯೇ ಅವನ ಬಾಯಿಗೆ ನಮ್ಮ ದನಿ ಹಚ್ಚಬೇಕು. ನಾನು ಕೆಲಸ ಬಿಟ್ಟು ಒಂದೂವರೆ ವರ್ಷವಾಯಿತು. ಇವತ್ತಿಗೂ ಟಿವಿಯಲ್ಲಿ ಯಾರಾದರೂ ಸಾಯುವ ದೃಶ್ಯ ಬಂದರೆ, ನಾನು ಸದ್ದು ತಗ್ಗಿಸಿ ಅವರ ತುಟಿ ನೋಡುತ್ತೇನೆ.