ಲಾರಿ ಶಾಕ್ಸ್ ಹಾಕಿದ ಗಾಡಿಮನೆ

ನಮ್ಮಪ್ಪನಿಗೆ ಗಟ್ಟಿ ಎಂದರೆ ಲಾರಿ. ಮಂಚವಾಗಲಿ, ಬಾಗಿಲ ಅಗುಳಿಯಾಗಲಿ, ನನ್ನನ್ನು ನೋಡಲು ಬಂದ ಗಂಡಾಗಲಿ, ಲಾರಿಯ ಪಕ್ಕದಲ್ಲಿ ನಿಲ್ಲಿಸಿಯೇ ಅವನು ಅಳೆಯುತ್ತಿದ್ದ. ಹೊಸೂರಿಂದ ತಳಿ ಎಂಬ ಊರಿಗೆ ಬಾಡಿಗೆ ಜೀಪು ಓಡಿಸಿ ನಮ್ಮನ್ನೆಲ್ಲ ಸಾಕುತ್ತಿದ್ದರೂ ಜೀಪಿನ ಮೇಲೆ ಅವನಿಗೆ ಅಂಥ ಮರ್ಯಾದೆ ಇರಲಿಲ್ಲ. ಸಂಜೆಯಾದರೆ ಹೆದ್ದಾರಿಯ ಪಕ್ಕ ಕೂತು, ಕೃಷ್ಣಗಿರಿ ಕಡೆಯಿಂದ ಬರುವ ಲಾರಿಗಳನ್ನು ನೋಡುತ್ತಾ ಬೀಡಿ ಸೇದುವುದೇ ಅವನ ಸಿನಿಮಾ. ಈ ಲಾರಿ ಭಕ್ತಿಯಿಂದ ನಮ್ಮವ್ವ ಪಟ್ಟ ಪಾಡನ್ನು ನಾನು ಹೇಳಲೇಬೇಕು. ಅದರಿಂದ ಆದ ಒಳ್ಳೆಯದನ್ನು ಹೇಳದಿದ್ದರೂ ತಪ್ಪಾಗುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಹೊಸೂರಿನ ಸುತ್ತ ಫ್ಯಾಕ್ಟರಿಗಳು ಏಳುತ್ತಿದ್ದವು. ತೊರಪಲ್ಲಿ ಅಗ್ರಹಾರದ ಆಚೆ ಇದ್ದ ನಮ್ಮೂರಿನ ಗಂಡಸರು ಒಬ್ಬೊಬ್ಬರಾಗಿ ಹೊಲ ಬಿಟ್ಟು ಕಾಕಿ ಬಟ್ಟೆ ಹಾಕಿಕೊಂಡು ಸೈಕಲ್ ಏರುತ್ತಿದ್ದರು. ಆ ಹೊತ್ತಿನಲ್ಲೇ ಅವ್ವ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದು ಬೆನ್ನು ಮುರಿದುಕೊಂಡಳು. ಜೀವ ಉಳಿಯಿತು, ಕಾಲಿನಲ್ಲಿ ಸ್ವಲ್ಪ ಕಸುವೂ ಉಳಿಯಿತು, ಆದರೆ ಕೂರಲು ಆಗುತ್ತಿರಲಿಲ್ಲ. ಕೂತರೆ ಸೊಂಟದಲ್ಲಿ ಬೆಂಕಿ ಇಟ್ಟ ಹಾಗೆ ಆಗುತ್ತದೆ ಎನ್ನುತ್ತಿದ್ದಳು. ನಾನು ಹತ್ತನೇ ಕ್ಲಾಸು ಮುಗಿಸಿ ಮನೆಯಲ್ಲೇ ಇದ್ದವಳು, ಅವಳ ಕೈಕಾಲಾದೆ.

ನೋವಿಗಿಂತ ಅವಳಿಗೆ ದೊಡ್ಡ ಹಿಂಸೆ ಬೇರೆ ಇತ್ತು. ಮಲಗಿದ್ದಾಗ ಯಾರೂ ತನ್ನನ್ನು ನೋಡಬಾರದು. ಮೊದಲೆಲ್ಲ ನಾಟಿಯಲ್ಲಿ ಹತ್ತು ಹೆಂಗಸರನ್ನು ಮುಂದೆ ನಿಂತು ನಡೆಸುತ್ತಿದ್ದವಳು ಅವಳು. ಈಗ ಬೀದಿಯ ಹೆಂಗಸರು ಮಾತಾಡಿಸಲು ಬಂದರೆ ಕಣ್ಣು ಮುಚ್ಚಿ ನಿದ್ದೆ ಬಂದವಳ ಹಾಗೆ ಬಿದ್ದುಕೊಳ್ಳುತ್ತಿದ್ದಳು. ಅವರು ಪಾಪ ಬಾಗಿಲಲ್ಲಿ ನಿಂತು ಲೊಚಗುಟ್ಟಿ ಹೋಗುತ್ತಿದ್ದರು. ಕ್ರಮೇಣ ಬರುವುದನ್ನೇ ಬಿಟ್ಟರು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಅಂತ ಕೇಳಿದರೆ ಹೇಳಲು ಆಗುತ್ತಿರಲಿಲ್ಲ.

ಅವ್ವನ ತವರು ತಳಿಯಿಂದ ಮೇಲೆ, ಚಳಿಯ ಊರು. ಅಲ್ಲಿ ಸೋದರಮಾವನ ಮನೆಯಲ್ಲಿ ಅಜ್ಜಿ ಇದ್ದಳು. ಅಜ್ಜಿಯ ಕಣ್ಣು ದಿನೇದಿನೇ ಮಂಜಾಗುತ್ತಿತ್ತು. ಮಾವ ಜೀಪಿನವರ ಕೈಲಿ ಹೇಳಿಕಳಿಸಿದ: "ಅವ್ವಂಗೆ ಅಷ್ಟೋ ಇಷ್ಟೋ ಕಾಣ್ತಾ ಇರೋವಾಗ್ಲೇ ಅಕ್ಕನ ಮಕ ತೋರಿಸ್ಬುಡಿ." ಅಜ್ಜಿಯನ್ನು ಇತ್ತ ಕರೆತರುವ ಮಾತೇ ಇರಲಿಲ್ಲ. ಬಸ್ಸಿನ ವಾಸನೆ ಮೂಗಿಗೆ ಬಿದ್ದರೆ ಸಾಕು ಅವಳಿಗೆ ವಾಂತಿ. ಹುಟ್ಟಿದಾಗಿನಿಂದ ಅವಳು ಎತ್ತಿನ ಗಾಡಿ ಬಿಟ್ಟು ಬೇರೆ ಏನನ್ನೂ ಹತ್ತಿದವಳಲ್ಲ. ಅವ್ವನೇ ಹೋಗಬೇಕು. ಮಲಗಿಕೊಂಡೇ ಹೋಗಬೇಕು.

ಹೆದ್ದಾರಿಯ ಒಂದು ಟೀ ಅಂಗಡಿಯ ಹಿಂದೆ ಬಿಳಿ ಬಣ್ಣದ ಗಾಡಿಯೊಂದು ನಿಂತಿತ್ತು. ಊರೂರು ಸುತ್ತುತ್ತಾ ಬಂದಿದ್ದ ಬಿಳಿಯ ಗಂಡಹೆಂಡತಿ, ಕಾರು ಕೆಟ್ಟುಹೋದಾಗ ಅದರ ಹಿಂದೆ ಕಟ್ಟಿಕೊಂಡು ಬಂದಿದ್ದ ಈ ಪುಟ್ಟ ಮನೆಯನ್ನು ಅಂಗಡಿಯವನಿಗೆ ಬಿಟ್ಟು ರೈಲು ಹತ್ತಿದ್ದರಂತೆ. ಎರಡೇ ಚಕ್ರ, ಒಳಗೆ ಮಂಚ, ಕಿಟಕಿ, ಕೈ ತೊಳೆಯುವ ಬೋಗುಣಿ. ಅಂಗಡಿಯವನು ಅದರಲ್ಲಿ ಕೋಳಿ ಕೂಡುತ್ತಿದ್ದ. ಅಪ್ಪ ಅವನನ್ನು ಹೇಗೆ ಒಪ್ಪಿಸಿದನೋ, ಒಂದು ದಿನ ಅದನ್ನು ಜೀಪಿಗೆ ಕಟ್ಟಿಕೊಂಡು ಮನೆ ಮುಂದೆ ತಂದು ನಿಲ್ಲಿಸಿದ. ಊರೆಲ್ಲ ಅದನ್ನು ಗಾಡಿಮನೆ ಎಂದು ಕರೆಯಿತು. ಕೋಳಿ ಹಿಕ್ಕೆ ಕೆರೆದು ತೊಳೆಯುವ ಭಾಗ್ಯ ಮಾತ್ರ ನನ್ನದಾಯಿತು.

ಮೊದಲ ಸಲ ಅವ್ವನನ್ನು ಮಲಗಿಸಿಕೊಂಡು ಹೊರಟಾಗ ಊರ ಕೆರೆ ಏರಿಯನ್ನೂ ದಾಟಲಿಲ್ಲ. ಒಂದು ಗುಂಡಿಗೆ ಚಕ್ರ ಇಳಿದರೆ ಗಾಡಿ ಒಂದು ಸಲ ಎಗರಿ ಸುಮ್ಮನಾಗುತ್ತಿರಲಿಲ್ಲ, ಮುಂದಿನ ಗುಂಡಿ ಬರುವ ತನಕ ತೂಗುತ್ತಲೇ ಇರುತ್ತಿತ್ತು. ಅವ್ವ ಸೆರಗು ಕಚ್ಚಿಕೊಂಡಿದ್ದಳು. ವಾಪಸ್ಸು ಬಂದೆವು. ಅಪ್ಪ ಗಾಡಿಯ ಅಡಿಗೆ ತೂರಿ ನೋಡಿ, ಸ್ಪ್ರಿಂಗ್ ಪ್ಲೇಟು ಮಾತ್ರ ಇದೆ, ಅದರ ಕುಣಿತ ತಡೆಯುವ ಶಾಕ್ಸೇ ಇಲ್ಲ ಎಂದ. "ಅದುಕ್ಕೇ ಇಂಗೆ ಕುಣೀತದೆ. ಶಾಕ್ಸ್ ಆಕುಸ್ಬುಟ್ರೆ ನಿಮ್ಮವ್ವ ಉಯ್ಯಾಲೆ ಮೇಲೆ ಹೋದಂಗೆ ಹೋಗ್ತಾಳೆ ಕಣವ್ವ."

ಗಾಡಿ ಎಳೆದುಕೊಂಡು ಕೃಷ್ಣಗಿರಿಗೆ ಹೋದ. ನನ್ನನ್ನೂ ಕರೆದುಕೊಂಡು ಹೋದ, ಅವ್ವ ಎಲ್ಲಿ ಮಲಗುತ್ತಾಳೆ, ತಲೆ ಯಾವ ಕಡೆ ಎಂದು ತೋರಿಸಲು. ರಸ್ತೆಗಳು ಕೂಡುವ ಆ ಊರಿನಲ್ಲಿ ಲಾರಿ ವರ್ಕ್‌ಶಾಪುಗಳು ಸಾಲುಸಾಲು. ಒಬ್ಬ ಮೇಸ್ತ್ರಿ ಸಿಕ್ಕಿದ, ಅಪ್ಪನಿಗೆ ತಕ್ಕವನೇ. ಜೀಪಿನ ಶಾಕ್ಸ್ ಸಾಕಾಗುತ್ತಾ ಎಂದು ನಾನು ಕೇಳಿದ್ದಕ್ಕೆ ಇಬ್ಬರೂ ನನ್ನ ಕಡೆ ಅಯ್ಯೋ ಪಾಪ ಎಂಬಂತೆ ನೋಡಿದರು. "ಲಾರಿದು ಪೋಟ್ಟಾ ಮಲೆ ಮಾದಿರಿ ನಿಕ್ಕುಂ" ಎಂದ ಮೇಸ್ತ್ರಿ, ಲಾರಿಯದನ್ನು ಹಾಕಿದರೆ ಬೆಟ್ಟದ ಹಾಗೆ ನಿಲ್ಲುತ್ತದಂತೆ. ಅಪ್ಪನ ಮುಖ ಅರಳಿತು. ಅಚ್ಚಿಗೂ ಮೇಲಿನ ಕಬ್ಬಿಣಕ್ಕೂ ಕಿವಿಯಂಥ ಕೊಂಡಿಗಳನ್ನು ಬೆಸುಗೆ ಹಾಕಿ, ನನ್ನ ತೊಡೆಯಷ್ಟು ದಪ್ಪನೆಯ ಎರಡು ಕೊಳವೆಗಳನ್ನು ಬೋಲ್ಟಿನಲ್ಲಿ ಬಿಗಿದರು. ನಾಲ್ಕು ಜನ ಒತ್ತಿದರೂ ಗಾಡಿ ಜಗ್ಗಲಿಲ್ಲ. ಅದೇ ಸರಿ ಎಂದು ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸಿಕೊಂಡು ಬಂದೆವು.

ಊರಿಗೆ ಬಂದ ಮೇಲೆ ಪರೀಕ್ಷೆ. ಅವ್ವನನ್ನು ಸುಮ್ಮನೆ ಕುಲುಕಾಡಿಸುವುದು ಬೇಡ ಎಂದು ಅವಳನ್ನು ಮನೆಯಲ್ಲೇ ಬಿಟ್ಟೆವು. ಬೀದಿಯವರೆಲ್ಲ ನಾನೂ ಬತ್ತೀನಿ ತಾನೂ ಬತ್ತೀನಿ ಎಂದು ಹತ್ತಿ ಕಾಲಿಡಲು ಜಾಗವಿಲ್ಲದಂತೆ ತುಂಬಿಕೊಂಡರು. ಅಪ್ಪ ನನ್ನ ಕೈಗೆ ತುಂಬಿದ ಲೋಟ ಕೊಟ್ಟು ಅದೇ ಕೆರೆ ಏರಿಯ ಮೇಲೆ ಓಡಿಸಿದ. ನೀರು ಚೆಲ್ಲಲಿಲ್ಲ. ಅಪ್ಪ ಆ ಲೋಟವನ್ನು ಹಾಗೇ ತಂದು ಅವ್ವನ ತಲೆದಿಂಬಿನ ಹತ್ತಿರ ಇಟ್ಟ. ಅವ್ವ ಆ ನೀರನ್ನು ಕುಡಿದಳು.

ಹೊರಟ ಬೆಳಿಗ್ಗೆ ಅವ್ವನಿಗೆ ನೆಮ್ಮದಿಯಾಗಿರಲಿ ಎಂದು ನಾವಿಬ್ಬರೇ ಒಳಗೆ. ಬೀದಿಯವರು ಯಾರೂ ನೋಡದ ಹಾಗೆ ಕಿಟಕಿಗೆ ಸೀರೆ ಕಟ್ಟಿಸಿಕೊಂಡಳು. ಹೊಸೂರು ದಾಟುವ ಹೊತ್ತಿಗೇ ನಮಗೆ ಸಾಕಾಗಿಹೋಯಿತು. ಮೊದಲು ತೂಗುತ್ತಿದ್ದ ಗಾಡಿ ಈಗ ಒದೆಯುತ್ತಿತ್ತು. ಒಂದು ಸಣ್ಣ ಕಲ್ಲು ಸಿಕ್ಕಿದರೂ ಆ ಏಟು ನೇರವಾಗಿ ಅವಳ ಬೆನ್ನಿಗೆ. ನಾನು ನನ್ನ ಎರಡೂ ಕೈ ಅವಳ ಸೊಂಟದ ಕೆಳಗೆ ತೂರಿಸಿ ಕೂತೆ. ಮತ್ತಿಗಿರಿ ಕಳೆದ ಮೇಲೆ ಅವಳು ಮೊದಲ ಸಲ ಕಿರುಚಿದಳು. ನಾನು ಗೋಡೆ ಬಡಿದೆ. ಅಪ್ಪ ಜೀಪು ನಿಲ್ಲಿಸಿ ಓಡಿಬಂದು, ಅವ್ವನ ಮುಖ ನೋಡಿ, ಮೇಸ್ತ್ರಿಯ ಮನೆತನವನ್ನೆಲ್ಲ ಬೈಯಲು ಶುರುಮಾಡಿದ. "ತಿರುಗುಸ್ತೀನಿ, ಮನೆಗೆ ಹೋಗಾನ" ಎಂದ.

ಅವ್ವ ಅಪ್ಪನೊಂದಿಗೆ ನೇರವಾಗಿ ಮಾತಾಡುವುದು ಕಡಿಮೆ, ನನ್ನ ಮೂಲಕವೇ. ಸುಧಾರಿಸಿಕೊಂಡು ಕೇಳಿದಳು: "ಅವತ್ತು ನೀರು ಚೆಲ್ನಿಲ್ಲ ಅಂದ್ನಲ್ಲ ನಿಮ್ಮಪ್ಪ, ಅವತ್ತು ಒಳಗೆ ಎಷ್ಟು ಜನ ಇದ್ರು?"

ಅಪ್ಪ ಬಗ್ಗಿ ಗಾಡಿಯ ಅಡಿ ನೋಡಿದ. ಲಾರಿಯ ಶಾಕ್ಸ್ ಲಾರಿಯ ಭಾರಕ್ಕೆ ಮಾಡಿದ್ದು. ಮೇಲೆ ತೂಕ ಬಿದ್ದರೆ ಮಾತ್ರ ಬಗ್ಗುತ್ತದೆ. ಲಾರಿಯವರ ಊರಿನಲ್ಲಿ ಖಾಲಿ ಗಾಡಿಯ ಯೋಚನೆ ಯಾರಿಗೂ ಬಂದಿರಲಿಲ್ಲ.

ರಸ್ತೆಯ ಪಕ್ಕದ ಹುಣಸೆಮರದಡಿ, ಹೊಸೂರಿನಲ್ಲಿ ಹೂವು ಮಾರಿ ಊರಿಗೆ ಮರಳುತ್ತಿದ್ದ ಹೆಂಗಸರು ಬಸ್ಸಿಗೆ ಕಾಯುತ್ತಿದ್ದರು. ಹಿಂಡಿ ಮೂಟೆ ಇಟ್ಟುಕೊಂಡ ಒಬ್ಬ ಮುದುಕನೂ ಇದ್ದ. ಅಪ್ಪ ಅವರನ್ನು ನೋಡಿದ. ಅವ್ವನೂ ಸೀರೆಯ ಸಂದಿಯಿಂದ ನೋಡಿದಳು. ಅವರೆಲ್ಲ ಹತ್ತಿದರೆ ಗಾಡಿಗೆ ಭಾರವಾಗುತ್ತದೆ, ಆದರೆ ಮೈಮೇಲಿನ ಸೀರೆ ಸರಿದು, ಕೂದಲು ಕೆದರಿ, ಬೆವರಿನಲ್ಲಿ ತೊಯ್ದು ಬಿದ್ದಿದ್ದ ಅವಳನ್ನು ಗುರುತಿಲ್ಲದ ಅಷ್ಟು ಜನ ನೋಡಬೇಕು. ಬೇಡ ಎಂದರೆ ನಾನು ಒತ್ತಾಯ ಮಾಡುವವಳಲ್ಲ. ಅವಳು ಸೀರೆ ಸರಿಮಾಡಿಕೊಂಡಳು.

"ತಲೆ ಬಾಚು" ಎಂದಳು ನನಗೆ. ಬಾಚಿ, ಕುಂಕುಮ ಇಟ್ಟೆ. "ಈಗ ಕರಿಯಕ್ಕೆ ಹೇಳು ನಿಮ್ಮಪ್ಪಂಗೆ."

ಅವರು ಹತ್ತಿದರು. ಖಾಲಿ ಬುಟ್ಟಿ, ಉಪ್ಪಿನ ಗಂಟು, ಎಲೆಅಡಿಕೆ ವಾಸನೆ, ಹಿಂಡಿ ಮೂಟೆ, ಎಲ್ಲ ಒಳಗೆ ಬಂತು. ಅವ್ವ ಕಣ್ಣು ಮುಚ್ಚಲಿಲ್ಲ. ಒಬ್ಬ ದೊಡ್ಡ ಹೆಂಗಸು ಏನನ್ನೂ ಕೇಳದೆ ಅವಳ ಪಾದಗಳನ್ನೆತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು, "ತವರಿಗಾ ತಾಯಿ? ಯಾವೂರು?" ಎಂದಳು. ಅವ್ವ ಊರಿನ ಹೆಸರು ಹೇಳಿದಳು. ಆಮೇಲೆ ಅದು ನಿಲ್ಲಲಿಲ್ಲ. ಯಾರ ಮಗಳು, ಯಾರ ತಂಗಿ, ತೆಲುಗಿನಲ್ಲಿ ಒಂದು ನಗೆಮಾತು, ತಮಿಳಿನಲ್ಲಿ ಅದಕ್ಕೆ ಉತ್ತರ. ಗಾಡಿ ಮೆತ್ತಗೆ ಹೋಗುತ್ತಿತ್ತು. ಹೂವಿನ ದರದ ಬಗ್ಗೆ ಅವ್ವ ಜಗಳಕ್ಕೇ ನಿಂತಳು. ಅವಳ ಆ ದನಿ ಕೇಳಿ ಎಷ್ಟು ಕಾಲವಾಗಿತ್ತೋ. ನಾನು ಬೋಗುಣಿಯ ಕಡೆ ಮುಖ ತಿರುಗಿಸಿ ಅತ್ತೆ.

ಅಜ್ಜಿಯ ಮನೆಯ ಓಣಿಯಲ್ಲಿ ಗಾಡಿ ನಿಂತಾಗ ಅಜ್ಜಿ ಕೋಲೂರಿಕೊಂಡು ಬಂದಳು. ಪೆಟ್ರೋಲಿನ ವಾಸನೆಗೆ ಮೂಗು ಮುಚ್ಚಿಕೊಂಡೇ, ಮಾವ ತಡೆಯುತ್ತಿದ್ದರೂ ಕೇಳದೆ, ಗಾಡಿಯೊಳಗೆ ಹತ್ತಿದಳು. ಮಗಳ ಮುಖದ ಮೇಲೆ ಬಗ್ಗಿ, ಒಂದು ಗೇಣಿನ ಅಂತರದಲ್ಲಿ ಕಣ್ಣಿಟ್ಟು, ಹಣೆ, ಮೂಗು, ಕೆನ್ನೆ ಎಲ್ಲವನ್ನೂ ನೋಡಿದಳು. "ಬಣ್ಣ ಬಂದದೆ" ಎಂದಳು. ನಾವಿದ್ದ ಎರಡು ದಿನವೂ ಅವ್ವನ ಪಕ್ಕದಲ್ಲೇ ಮಲಗಿದಳು.

ಹೊರಡುವಾಗ ಮಡಿಲಕ್ಕಿ. ಹೆಣ್ಣುಮಗಳು ತವರಿಂದ ಬರಿ ಮಡಿಲಲ್ಲಿ ಹೋಗಬಾರದು, ಆದರೆ ಮಡಿಲು ತುಂಬಲು ಕೂರಬೇಕು. ಅವ್ವ ಕೂರುತ್ತೇನೆ ಎಂದು ಹಟ ಹಿಡಿದಳು. ಅಜ್ಜಿ ಬಿಡಲಿಲ್ಲ. ಮಲಗಿದವಳ ಹೊಟ್ಟೆಯ ಮೇಲೆ ಸೆರಗು ಹರಡಿ ಅಕ್ಕಿ, ಬೆಲ್ಲ, ಕೊಬ್ಬರಿ, ಕುಪ್ಪಸದ ಬಟ್ಟೆ ಇಟ್ಟಳು. ಭಾರವಿದ್ದರೆ ಗಾಡಿ ಕುಲುಕುವುದಿಲ್ಲ ಎಂದು ಅಪ್ಪ ಅಷ್ಟರಲ್ಲಾಗಲೇ ಊರಿಗೆಲ್ಲ ಭಾಷಣ ಮಾಡಿ ಮುಗಿಸಿದ್ದ. ಅಜ್ಜಿ ಮಾವನ ಕಡೆ ತಿರುಗಿ, "ಈ ಗಾಡಿನೇ ಅವಳ ಮಡ್ಲು ಅಂದ್ಕಳ್ಲಾ. ತುಂಬು" ಎಂದಳು. ರಾಗಿ ಮೂಟೆ, ಆಲೂಗಡ್ಡೆ, ಎಲೆಕೋಸು ಬಂದು ಮಂಚದ ಎರಡೂ ಕಡೆ ಬಿದ್ದವು. ಅವ್ವ ದಾರಿಯುದ್ದಕ್ಕೂ ನಿದ್ದೆ ಮಾಡಿದಳು.

ಮನೆಗೆ ಬಂದ ಮೇಲೆ ಅಪ್ಪ ಸ್ವಲ್ಪ ದಿನ ಮೆತ್ತಗಿದ್ದ. ಒಂದು ಸಂಜೆ ಅವ್ವನ ಮಂಚದ ಹತ್ತಿರ ಕೂತು, ಕೃಷ್ಣಗಿರಿಗೆ ಹೋಗಿ ಲಾರಿಯದನ್ನು ಕಿತ್ತು ಜೀಪಿನ ಶಾಕ್ಸ್ ಹಾಕಿಸಿಕೊಂಡು ಬರುತ್ತೇನೆ, ಇನ್ನು ಮೇಲೆ ಒಬ್ಬಳೇ ಆರಾಮಾಗಿ ಹೋಗಬಹುದು ಎಂದ. ಲಾರಿಯನ್ನು ಬಿಟ್ಟುಕೊಡುವುದು ಅವನಿಗೆ ಸಣ್ಣ ಮಾತಲ್ಲ. ಅವ್ವ ನನ್ನ ಕಡೆ ತಿರುಗಿದಳು.

"ಅದನ್ನ ಮುಟ್ಬ್ಯಾಡ ಅಂತ ಹೇಳವ್ವ ನಿಮ್ಮಪ್ಪಂಗೆ. ಖಾಲಿ ಗಾಡಿನೇ ಮೆತ್ತಗೆ ಹೋಗಂಗಾದ್ರೆ ನನ್ನ ಜೊತೆಗೆ ಯಾರು ಹತ್ತುತಾರೆ?"